ಸೊಪ್ಪು, ರೆಂಬೆ, ದಿಮ್ಮಿ: ಮರ ಸವರುವವರ ರಾಶಿಯ ಲೆಕ್ಕ

ಮರ ಸವರುವ ಕೆಲಸದಲ್ಲಿ ಕತ್ತರಿಸುವುದು ಅರ್ಧ. ಕತ್ತರಿಸಿದ್ದನ್ನು ಸಾಗಹಾಕುವುದು ಇನ್ನರ್ಧ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು. ಬೆಂಗಳೂರಿನ ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಹಳೆಯ ಮನೆಯೊಂದರ ಹಿತ್ತಲಿನ ಮಾವಿನ ಮರದಿಂದ ನಾಲ್ಕು ಕೊಂಬೆ ಇಳಿಸಲು ನುರಿತ ತಂಡಕ್ಕೆ ಎರಡು ಮೂರು ಗಂಟೆ ಸಾಕು. ಹಗ್ಗ ಕಟ್ಟಿ ಇಳಿಸಿದ ಆ ಕೊಂಬೆಗಳನ್ನು ತುಂಡು ಮಾಡಿ, ಮನೆಯ ಪಕ್ಕದ ಮೂರಡಿ ಓಣಿಯಲ್ಲಿ ಎಳೆದು ತಂದು, ಗಾಡಿಗೆ ತುಂಬಿ, ಎಲ್ಲಾದರೂ ಇಳಿಸಿ ಬಂದು, ಅಂಗಳ ಗುಡಿಸಿ ಕೊಡುವಷ್ಟರಲ್ಲಿ ಸಂಜೆಯಾಗಿರುತ್ತದೆ. ನೋಡುವವರ ಕಣ್ಣೆಲ್ಲ ಮರ ಹತ್ತಿದವನ ಮೇಲೆ. ಮೇಸ್ತ್ರಿಯ ಕಣ್ಣು ಮಾತ್ರ ಕೆಳಗೆ ಬೀಳುತ್ತಿರುವ ರಾಶಿಯ ಮೇಲೆ. ನಾಲ್ಕೈದು ಜನರ ಇಂಥ ಸಣ್ಣ ಉದ್ಯಮ ಲಾಭದಲ್ಲಿ ನಡೆಯುತ್ತದೋ ನಷ್ಟದಲ್ಲೋ ಎಂಬುದು ಬಹುಮಟ್ಟಿಗೆ ಆ ರಾಶಿಯ ಕೈಯಲ್ಲಿದೆ.

ರಾಶಿಯ ಮೊದಲ ತೊಂದರೆ ತೂಕದ್ದಲ್ಲ, ಗಾತ್ರದ್ದು. ಇಂಥ ತಂಡಗಳು ಸಾಮಾನ್ಯವಾಗಿ ಬಾಡಿಗೆಗೆ ಹಿಡಿಯುವ ಟಾಟಾ ಏಸ್‌ನಂಥ ಗಾಡಿ ಸುಮಾರು 750 ಕೆ.ಜಿ. ಹೊರಬಲ್ಲದು. ಅದರ ಹಿಂಬದಿಯ ತೊಟ್ಟಿ ಹೆಚ್ಚುಕಡಿಮೆ 2.2 ಮೀಟರ್ ಉದ್ದ, 1.5 ಮೀಟರ್ ಅಗಲ. ಸೊಪ್ಪಿನ ಸಮೇತ ರೆಂಬೆಗಳನ್ನು ಒಂದೂವರೆ ಮೀಟರ್ ಎತ್ತರ ಪೇರಿಸಿ ಹಗ್ಗ ಬಿಗಿದರೂ ಹಿಡಿಸುವುದು ಐದು ಘನ ಮೀಟರ್. ಬಿಡಿ ರೆಂಬೆಯ ರಾಶಿಯಲ್ಲಿ ಮರಕ್ಕಿಂತ ಗಾಳಿಯೇ ಜಾಸ್ತಿ. ಘನ ಮೀಟರಿಗೆ ಎಪ್ಪತ್ತೆಂಬತ್ತು ಕೆ.ಜಿ. ಎಂದಿಟ್ಟುಕೊಂಡರೆ, ಕಣ್ಣಿಗೆ ತುಂಬಿ ತುಳುಕುವಂತೆ ಕಾಣುವ ಗಾಡಿಯಲ್ಲಿ ಇರುವುದು ನಾಲ್ಕು ಕ್ವಿಂಟಲ್ಲಿಗೂ ಕಡಿಮೆ. ಬಾಡಿಗೆಯ ಅರ್ಧ ಭಾಗ ಗಾಳಿಯನ್ನು ಸಾಗಿಸುವುದಕ್ಕೇ ಹೋಯಿತು. ಅದೇ ರೆಂಬೆಗಳನ್ನು ಯಂತ್ರದಲ್ಲಿ ಕೊಚ್ಚಿ ಚೂರು ಮಾಡಿದರೆ ಘನ ಮೀಟರಿಗೆ 250ರಿಂದ 350 ಕೆ.ಜಿ. ತೂಗುತ್ತದೆ. ಆಗ ತೊಟ್ಟಿಯ ಪಕ್ಕಕ್ಕೆ ಹಲಗೆ ಏರಿಸಿಕೊಂಡರೆ ಎರಡೂವರೆ ಘನ ಮೀಟರಿನಲ್ಲೇ ಗಾಡಿಯ ಪೂರ್ತಿ ತೂಕ ಕೂರುತ್ತದೆ. ಎರಡು ಟ್ರಿಪ್ಪಿನ ಕೆಲಸ ಒಂದಕ್ಕೆ ಇಳಿಯುತ್ತದೆ. ಸಿಗ್ನಲ್ಲಿನಲ್ಲಿ ಮುಕ್ಕಾಲು ಗಂಟೆ ನಿಲ್ಲುವ ಊರಿನಲ್ಲಿ ಒಂದು ಟ್ರಿಪ್ಪು ಉಳಿಯಿತೆಂದರೆ ಒಂದು ಸಣ್ಣ ಕೆಲಸಕ್ಕೆ ಸಮಯ ಸಿಕ್ಕಿತೆಂದೇ ಅರ್ಥ.

ಎರಡನೆಯ ತೊಂದರೆ: ಒಯ್ಯುವುದು ಎಲ್ಲಿಗೆ? ಬೆಳಗ್ಗೆ ಮನೆ ಮುಂದೆ ಬರುವ ಆಟೋ ಟಿಪ್ಪರ್ ಅಡುಗೆಮನೆಯ ಹಸಿ ಕಸಕ್ಕೆ, ಒಣ ಕಸಕ್ಕೆ ಇರುವಂಥದ್ದು. ಎರಡು ಬುಟ್ಟಿ ಗಿಡದ ಕಡ್ಡಿಯನ್ನು ಅದಕ್ಕೆ ಹಾಕಬಹುದೇ ಹೊರತು ಮರದ ಕೊಂಬೆಯನ್ನಲ್ಲ. ಕೇಂದ್ರ ಸರ್ಕಾರದ 2016ರ ಘನ ತ್ಯಾಜ್ಯ ನಿರ್ವಹಣಾ ನಿಯಮಗಳು ತೋಟದ ಕಸವನ್ನು ಬೇರೆಯದೇ ಬಗೆಯೆಂದು ಗುರುತಿಸಿದವು. ತನ್ನ ಆವರಣದಲ್ಲಿ ಹುಟ್ಟಿದ ತೋಟದ ಕಸವನ್ನು ಆವರಣದಲ್ಲೇ ಪ್ರತ್ಯೇಕವಾಗಿ ಇಟ್ಟುಕೊಂಡು, ಸ್ಥಳೀಯ ಸಂಸ್ಥೆ ಹೇಳಿದ ರೀತಿಯಲ್ಲಿ ವಿಲೇವಾರಿ ಮಾಡುವುದು ಅದನ್ನು ಹುಟ್ಟಿಸಿದವರ ಹೊಣೆ. ಬೀದಿಯಲ್ಲಿ, ಸಾರ್ವಜನಿಕ ಜಾಗದಲ್ಲಿ, ಚರಂಡಿಯಲ್ಲಿ ಎಸೆಯುವಂತಿಲ್ಲ, ಸುಡುವಂತಿಲ್ಲ, ಹೂಳುವಂತಿಲ್ಲ. ಪಾಲಿಕೆಗೂ ಅದೇ ನಿಯಮ ಒಂದು ಮಾತು ಹೇಳಿತು: ಉದ್ಯಾನಗಳ ಕಸವನ್ನು ಆದಷ್ಟೂ ಆಯಾ ಉದ್ಯಾನದಲ್ಲೇ ಸಂಸ್ಕರಿಸಬೇಕು. ದಿನಕ್ಕೆ ಸರಾಸರಿ 100 ಕೆ.ಜಿ.ಗಿಂತ ಹೆಚ್ಚು ಕಸ ಹುಟ್ಟಿಸುವ ಅಪಾರ್ಟ್‌ಮೆಂಟು, ಕಚೇರಿ, ಕಾಲೇಜುಗಳನ್ನು ಬೃಹತ್ ಉತ್ಪಾದಕರೆಂದು ಕರೆದು ಹೊಣೆಯನ್ನು ಅವುಗಳ ಹೆಗಲಿಗೇ ಏರಿಸಲಾಯಿತು. ಮರ ಸವರುವವರಿಗೆ ವರ್ಷಪೂರ್ತಿ ಕೆಲಸ ಕೊಡುವವರು ಇವರೇ ಆದ್ದರಿಂದ ಈ ನಿಯಮ ಅವರಿಗೂ ಪರೋಕ್ಷವಾಗಿ ತಾಗುತ್ತದೆ.

ನಿಯಮ ಬಿಗಿಯಾಗಿದ್ದಕ್ಕೆ ಹಿನ್ನೆಲೆಯೂ ಇದೆ. ಬೆಂಗಳೂರಿನ ಕಸವನ್ನು ಹೊತ್ತ ಹಳ್ಳಿಗಳು ಒಂದೊಂದಾಗಿ ಬಾಗಿಲು ಮುಚ್ಚಿದವು. 2012ರಲ್ಲಿ ಮಾವಳ್ಳಿಪುರ, 2014ರಲ್ಲಿ ಮಂಡೂರು. ಕೊಳೆತು ಗೊಬ್ಬರವಾಗಬಲ್ಲ ವಸ್ತುವನ್ನು ಗುಂಡಿಗೆ ಸುರಿಯುವುದು ಎಷ್ಟು ದಡ್ಡತನ ಎಂಬುದು ಆ ಜಗಳಗಳಲ್ಲಿ ಊರಿಗೆ ಅರ್ಥವಾಯಿತು. ಸೊಪ್ಪುಸದೆ ಗುಂಡಿಯ ಆಳದಲ್ಲಿ ಗಾಳಿಯಿಲ್ಲದೆ ಕೊಳೆತಾಗ ಮೀಥೇನ್ ಹುಟ್ಟುತ್ತದೆ. ಬೆಟ್ಟದಂಥ ಕಸದ ರಾಶಿಗಳು ದಿನಗಟ್ಟಲೆ ಹೊತ್ತಿ ಉರಿಯುವುದಕ್ಕೆ ಆ ಅನಿಲವೂ ಒಂದು ಕಾರಣ.

ಸುಡುವುದು ಹಳೆಯ ರೂಢಿ, ಇವತ್ತಿಗೂ ಪೂರ್ತಿ ನಿಂತಿಲ್ಲ. ಬೆಂಗಳೂರಿನ ನಿವಾಸಿ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಅರ್ಜಿ ದೇಶದ ಮೊದಲ ಪುರಸಭಾ ಘನ ತ್ಯಾಜ್ಯ ನಿಯಮಗಳಿಗೆ ದಾರಿ ಮಾಡಿತು. ಮುಂದೆ ಅದೇ ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಬಂದು, 2016ರ ಡಿಸೆಂಬರಿನಲ್ಲಿ ಬಯಲಿನಲ್ಲಿ ಕಸ ಸುಡುವುದಕ್ಕೆ ದೇಶದಾದ್ಯಂತ ನಿಷೇಧ ಬಿತ್ತು. ಸಾಮಾನ್ಯ ಪ್ರಮಾಣದಲ್ಲಿ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ. ‘ಎಲೆಯಲ್ಲವೇ, ಪ್ಲಾಸ್ಟಿಕ್ ಏನೂ ಅಲ್ಲವಲ್ಲ’ ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ. ಹಸಿ ಸೊಪ್ಪು ಬೆಂಕಿ ಹಿಡಿದು ಉರಿಯುವುದಿಲ್ಲ, ಕಮರುತ್ತದೆ. ಕಮರುವ ಬೆಂಕಿಯ ಹೊಗೆಯಲ್ಲಿ ಶ್ವಾಸಕೋಶದ ಆಳಕ್ಕೆ ಇಳಿಯುವ ಸೂಕ್ಷ್ಮ ಕಣಗಳೂ ಇಂಗಾಲದ ಮಾನಾಕ್ಸೈಡೂ ಹೆಚ್ಚು. ಪಕ್ಕದ ಮನೆಯಲ್ಲಿ ದಮ್ಮಿನ ರೋಗಿ ಇದ್ದರಂತೂ ಜಗಳ ಖಚಿತ, ಮರುದಿನ ಆ ಬೀದಿಯಲ್ಲಿ ತಂಡಕ್ಕೆ ಕೆಲಸವಿಲ್ಲ.

ಇನ್ನೊಂದು ಅಡ್ಡದಾರಿ ಖಾಲಿ ಸೈಟು. ಕತ್ತಲಾದ ಮೇಲೆ ಹೊರವಲಯದ ನಿವೇಶನದಲ್ಲಿ ಒಂದು ಲೋಡು ಸುರಿದು ಬಂದರೆ ಆ ದಿನದ ಖರ್ಚು ಉಳಿಯುತ್ತದೆ, ನಿಜ. ಆದರೆ ಒಂದು ರಾಶಿ ಇದ್ದಲ್ಲಿ ಮರುದಿನ ಮನೆ ಕೆಡವಿದ ಮಣ್ಣು, ಹರಿದ ಹಾಸಿಗೆ, ಒಡೆದ ಕಮೋಡು ಬಂದು ಸೇರುತ್ತವೆ. ಇಲಿ, ಇಲಿಯ ಹಿಂದೆ ಹಾವು. ರಾಜಕಾಲುವೆಯ ದಂಡೆಯಲ್ಲಿ ಸುರಿದ ಕೊಂಬೆಗಳು ಏಪ್ರಿಲ್-ಮೇ ತಿಂಗಳ ಗಾಳಿಮಳೆಗೆ ಕೊಚ್ಚಿಹೋಗಿ ಮೋರಿಯ ಬಾಯಿಗೆ ಅಡ್ಡ ಕೂರುತ್ತವೆ. ಅದರ ಮೇಲೆ ಪ್ಲಾಸ್ಟಿಕ್ ಹಾಸಿಕೊಂಡು ನೀರು ರಸ್ತೆಗೆ ಬರುತ್ತದೆ.

ವಿಲೇವಾರಿಯ ಯೋಚನೆ ಗರಗಸ ಹಚ್ಚುವ ಮೊದಲೇ, ಅನುಮತಿಯ ಹಂತದಲ್ಲೇ ಶುರುವಾಗಬೇಕು. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರದು. ಸ್ವಂತ ಕಾಂಪೌಂಡಿನ ಮರವಾದರೂ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ತೆಂಗು, ನೀಲಗಿರಿ, ಸಿಲ್ವರ್ ಓಕ್, ಗ್ಲಿರಿಸಿಡಿಯಾ, ಸರ್ವೆ ಮುಂತಾದ ಕೆಲವು ಜಾತಿಗಳಿಗೆ ಕಾಯ್ದೆ ವಿನಾಯಿತಿ ಕೊಟ್ಟಿದೆ. ಬೆಂಗಳೂರಿನಲ್ಲಿ ಅನುಮತಿ ಕೊಡುವ ಕೆಲಸ ನಗರದ ಪಾಲಿಕೆಯಾಗಿದ್ದ ಬಿಬಿಎಂಪಿಯ ಅರಣ್ಯ ಘಟಕದ್ದಾಗಿತ್ತು. 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ನಗರ ಪಾಲಿಕೆಗಳು ಬಂದ ಮೇಲೆ, ಯಾವ ಬೀದಿ ಯಾವ ಪಾಲಿಕೆಗೆ ಸೇರಿತು ಎಂದು ಮೊದಲು ನೋಡಿಕೊಳ್ಳಬೇಕಾಗಿದೆ. ಅನುಮತಿ ಪತ್ರ ಬರೀ ಕಡಿಯುವುದಕ್ಕಲ್ಲ, ಕಡಿದದ್ದನ್ನು ಸಾಗಿಸುವಾಗಲೂ ಗಾಡಿಯಲ್ಲಿರಬೇಕು. ಗಂಧ, ಬೀಟೆ, ತೇಗದ ದಿಮ್ಮಿಗಳು ಅರಣ್ಯ ಇಲಾಖೆಯ ರಹದಾರಿ ಇಲ್ಲದೆ ರಸ್ತೆಗೆ ಇಳಿಯುವಂತಿಲ್ಲ. ಹಳೆಯ ಬಂಗಲೆಗಳ ಹಿತ್ತಲಿನಲ್ಲಿ ಹಕ್ಕಿ ಬಿತ್ತಿದ ಗಂಧದ ಗಿಡ ಇರುವುದು ಅಪರೂಪವೇನಲ್ಲ. ಅದನ್ನು ಪೊದೆಯೆಂದು ತಿಳಿದು ಕಡಿದು ಗಾಡಿಗೆ ಹಾಕಿದ ತಂಡ ಕಸದ ಸಮಸ್ಯೆಗಿಂತ ದೊಡ್ಡ ಸಮಸ್ಯೆಯಲ್ಲಿ ಸಿಕ್ಕಿಕೊಳ್ಳುತ್ತದೆ.

ಇಷ್ಟರ ಮೇಲೆ ಕಸುಬಿನ ಗುಟ್ಟು ಬರುತ್ತದೆ, ಮತ್ತು ಅದು ಇರುವುದು ಮರದ ಬುಡದಲ್ಲೇ. ಬೆರೆತ ರಾಶಿಗೆ ಯಾರೂ ಕಾಸು ಕೊಡುವುದಿಲ್ಲ, ಒಯ್ಯುವುದಕ್ಕೆ ಕಾಸು ಕೇಳುತ್ತಾರೆ. ಅದೇ ರಾಶಿ ಬೀಳುವಾಗಲೇ ಬೇರೆಯಾದರೆ ಅದರಲ್ಲಿ ನಾಲ್ಕು ವಸ್ತುಗಳಿವೆ: ಮೊಣಕೈ ಗಾತ್ರಕ್ಕಿಂತ ದಪ್ಪನೆಯ ದಿಮ್ಮಿ, ಮಣಿಕಟ್ಟಿನ ಗಾತ್ರದ ಸೌದೆ, ಬೆರಳು ಗಾತ್ರದ ರೆಂಬೆ, ಮತ್ತೆ ಸೊಪ್ಪು. ನಾಲ್ಕಕ್ಕೂ ನಾಲ್ಕು ಬೇರೆ ಗಿರಾಕಿಗಳು. ಕೆಳಗೆ ನಿಂತವನು ಕೊಂಬೆ ಬಿದ್ದ ಹಾಗೇ ಮಚ್ಚಿನಲ್ಲಿ ಸೊಪ್ಪು ಸವರಿ ಒಂದು ಕಡೆ, ಕಡ್ಡಿ ಒಂದು ಕಡೆ ಒಗೆಯುತ್ತ ಹೋದರೆ ಹೆಚ್ಚಿನ ಸಮಯವೇನೂ ಹಿಡಿಯುವುದಿಲ್ಲ. ಎಲ್ಲ ಒಟ್ಟಾಗಿ ಹೆಣೆದುಕೊಂಡ ಮೇಲೆ ಬಿಡಿಸಲು ಹೋದರೆ ಎರಡರಷ್ಟು ಕೂಲಿ. ರೆಂಬೆಗಳ ಬುಡವೆಲ್ಲ ಒಂದೇ ದಿಕ್ಕಿಗೆ ಬರುವಂತೆ ಪೇರಿಸಿಡುವುದೂ ಇದೇ ಜಾಣತನದ ಭಾಗ. ಯಂತ್ರಕ್ಕೆ ಬುಡದ ಕಡೆಯಿಂದಲೇ ಉಣಿಸಬೇಕಾದ್ದರಿಂದ ಆಗ ರೆಂಬೆ ತಿರುಗಿಸುವ ಕೆಲಸ ತಪ್ಪುತ್ತದೆ. ಪೂಜೆಗೆ ಕಟ್ಟಿದ ದಾರ, ಗಾಳಿಪಟದ ನೂಲು, ದೀಪಾಲಂಕಾರಕ್ಕೆ ಹೊಡೆದ ಮೊಳೆ, ಕೇಬಲ್ ತಂತಿ ಇವನ್ನು ಈ ಹಂತದಲ್ಲೇ ಕಿತ್ತು ತೆಗೆಯಬೇಕು. ಬೆಂಗಳೂರಿನ ಸಾಲುಮರಗಳಲ್ಲಿ ಮೊಳೆ ಇಲ್ಲದ ಮರ ಹುಡುಕುವುದು ಕಷ್ಟ, ಒಂದು ಮೊಳೆ ಸಾಕು ಗರಗಸದ ಹಲ್ಲನ್ನೂ ಕೊಚ್ಚುವ ಯಂತ್ರದ ಅಲಗನ್ನೂ ಹಾಳುಮಾಡಲು.

ದಿಮ್ಮಿಯದು ಸುಲಭದ ಕಥೆ. ಮಾವು, ಹಲಸು, ಸಿಲ್ವರ್ ಓಕ್, ಮಳೆಮರಗಳ ನೇರ ದಿಮ್ಮಿ ಸಾಮಿಲ್ಲಿಗೆ ಹೋಗಿ ಪ್ಯಾಕಿಂಗ್ ಪೆಟ್ಟಿಗೆ, ಅಗ್ಗದ ಪೀಠೋಪಕರಣ, ಹಲಗೆಯಾಗುತ್ತದೆ. ಹಲಸಿನ ಹಳದಿ ಮರಕ್ಕೆ ಬಡಗಿಗಳಲ್ಲಿ ಬೇಡಿಕೆ ಹೆಚ್ಚು. ವೀಣೆಯ ಕೊಡ ಕೊರೆಯುವುದೂ ಹಲಸಿನಲ್ಲೇ. ಡೊಂಕು ದಿಮ್ಮಿಯೂ ಸೌದೆಯೂ ಡಿಪೋಗೆ. ಅಲ್ಲಿಂದ ಬೇಕರಿ, ಮದುವೆ ಛತ್ರದ ಅಡುಗೆಮನೆ, ಇಟ್ಟಿಗೆ ಗೂಡು, ಸ್ಮಶಾನ. ಹಸಿ ಮರದಲ್ಲಿ ತೂಕದ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ. ಹಸಿಯಾಗೇ ಮಾರಿದರೆ ತೂಕ ಬರುತ್ತದೆ, ದರ ಬರುವುದಿಲ್ಲ. ಒಣಗಿಸಿ ಮಾರಿದರೆ ದರ ಬರುತ್ತದೆ, ಇಟ್ಟುಕೊಳ್ಳಲು ಜಾಗ ಬೇಕು. ಹೊರವಲಯದಲ್ಲಿ ಅರ್ಧ ಸೈಟಿನಷ್ಟು ಬಾಡಿಗೆ ಅಂಗಳ ಇರುವ ತಂಡಕ್ಕೂ ಇಲ್ಲದ ತಂಡಕ್ಕೂ ಇರುವ ಅಂತರ ಇಲ್ಲಿ ಎದ್ದು ಕಾಣುತ್ತದೆ. ‘ಮರ ನಮಗೇ ಬಿಟ್ಟರೆ ಕೂಲಿಯಲ್ಲಿ ಬಿಡುತ್ತೇವೆ’ ಎಂಬ ಚೌಕಾಸಿ ಹುಟ್ಟುವುದೂ ದಿಮ್ಮಿಯ ಬೆಲೆಯಿಂದಲೇ. ಇದರಲ್ಲಿ ಒಂದು ಮೋಸದ ಗುಂಡಿಯಿದೆ. ದಿಮ್ಮಿಯ ಆಸೆಗೆ ಸವರಬೇಕಾದ ಮರವನ್ನು ಬೋಳಿಸುವುದು, ಎರಡು ಕೊಂಬೆ ಸಾಕಿದ್ದಲ್ಲಿ ಆರು ಕಡಿಯುವುದು. ದಪ್ಪ ಕೊಂಬೆ ಕಡಿಸಿಕೊಂಡ ಮರ ಗಾಯದ ಸುತ್ತ ದುರ್ಬಲವಾದ ಚಿಗುರುಗಳ ಗೊಂಚಲು ಹೊರಡಿಸುತ್ತದೆ, ಕೆಲವು ವರ್ಷದಲ್ಲಿ ಅವೇ ಮುರಿದು ಬೀಳುತ್ತವೆ. ಕೂಲಿಗೂ ಮರದ ಬೆಲೆಗೂ ಬೇರೆ ಬೇರೆ ಲೆಕ್ಕ ಬರೆಯುವ ತಂಡ ಈ ಆಸೆಗೆ ಬೀಳುವುದು ಕಡಿಮೆ.

ಸೊಪ್ಪಿಗೆ ಗಿರಾಕಿ ಇಲ್ಲವೆಂದು ನಂಬಿದವರು ನಗರದವರು ಮಾತ್ರ. ಮಲೆನಾಡಿನ ಅಡಿಕೆ ತೋಟಗಳು ತಲೆಮಾರುಗಳಿಂದ ಬದುಕಿರುವುದೇ ಸೊಪ್ಪಿನ ಮೇಲೆ; ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಹಕ್ಕನ್ನು ಬ್ರಿಟಿಷರ ಕಾಲದಲ್ಲೇ ಮಾನ್ಯ ಮಾಡಲಾಗಿತ್ತು. ಅಲ್ಲಿ ಹಸಿ ಸೊಪ್ಪು, ದರಗು ಮೊದಲು ಕೊಟ್ಟಿಗೆಗೆ ಹಾಸಾಗಿ ಹೋಗಿ, ಸಗಣಿ ಗಂಜಳದಲ್ಲಿ ನೆಂದು, ಗೊಬ್ಬರವಾಗಿ ತೋಟಕ್ಕೆ ಮರಳುತ್ತದೆ. ಬಯಲುಸೀಮೆಯ ರೈತರು ಗದ್ದೆಗೆ ತುಳಿಸುತ್ತಿದ್ದ ಹೊಂಗೆ ಸೊಪ್ಪೂ ಇದೇ ವಿದ್ಯೆ. ಇವತ್ತು ಬೆಂಗಳೂರಿನ ಬೀದಿಗಳಲ್ಲಿ ಕಡಿದು ಎಸೆಯುವ ಹೊಂಗೆ, ಗ್ಲಿರಿಸಿಡಿಯಾಗಳ ಸೊಪ್ಪು ಸಾರಜನಕ ತುಂಬಿದ ಗೊಬ್ಬರ; ಕನಕಪುರ, ಹೊಸಕೋಟೆ, ದೊಡ್ಡಬಳ್ಳಾಪುರದ ಕಡೆಯ ತೋಟದವರಿಗೆ ಅದು ಬೇಕು, ಆದರೆ ಒಂದು ತುಂಡು ಪ್ಲಾಸ್ಟಿಕ್ ಕಂಡರೂ ಬೇಡ.

ಮೇವಿನ ದಾರಿಯೂ ಇದೆ. ಹಲಸು, ಆಲ, ಅರಳಿ, ಅತ್ತಿಯ ಸೊಪ್ಪನ್ನು ಮೇಕೆ ಸಾಕುವವರು ಬಂದು ಹೊತ್ತೊಯ್ಯುತ್ತಾರೆ, ಫೋನು ಮಾಡಿ ತಿಳಿಸಿದರೆ ಸಾಕು. ಸುಬಾಬುಲ್ ಸೊಪ್ಪು ಒಳ್ಳೆಯ ಮೇವೇ, ಆದರೆ ಅದರಲ್ಲಿರುವ ಮಿಮೋಸಿನ್ ಎಂಬ ಅಂಶದಿಂದಾಗಿ ಒಟ್ಟು ಮೇವಿನ ಮೂರನೇ ಒಂದು ಭಾಗ ಮೀರಿಸಬಾರದು. ಇಲ್ಲಿ ತಂಡದವರಿಗೆ ಗಿಡದ ಗುರುತು ಗೊತ್ತಿರಲೇಬೇಕು. ಅಪಾರ್ಟ್‌ಮೆಂಟಿನ ಬೇಲಿಯುದ್ದಕ್ಕೂ ಚೆಂದಕ್ಕೆ ಬೆಳೆಸುವ ಕಣಗಿಲೆಯ ಎಲೆ ದನ, ಮೇಕೆ, ಮನುಷ್ಯರೆಲ್ಲರಿಗೂ ವಿಷ; ಒಣಗಿದ ಮೇಲೂ ವಿಷ ಹೋಗುವುದಿಲ್ಲ. ಅದು ಮೇವಿನ ಕಟ್ಟಿನೊಳಗೆ ಒಂದು ಹಿಡಿ ಸೇರಿದರೂ ಅನಾಹುತ. ಕಣಗಿಲೆಯ ಕಡ್ಡಿಯನ್ನು ಒಲೆಗೂ ಕೊಡುವುದಿಲ್ಲ, ನೇರ ಗೊಬ್ಬರದ ಗುಂಡಿಗೆ.

ಉಳಿಯುವುದು ಬೆರಳು ಗಾತ್ರದ ರೆಂಬೆ. ಎಲ್ಲಕ್ಕಿಂತ ಹೆಚ್ಚು ಜಾಗ ತಿನ್ನುವುದು, ಎಲ್ಲಕ್ಕಿಂತ ಕಡಿಮೆ ಬೆಲೆಯದು. ಕೊಚ್ಚುವ ಚಿಪ್ಪರ್ ಯಂತ್ರದ ಹುಟ್ಟೇ ಇದಕ್ಕಾಗಿ. ಹತ್ತು ಹನ್ನೆರಡು ಅಶ್ವಶಕ್ತಿಯ ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ನಿನ ಸಣ್ಣ ಯಂತ್ರ ಎರಡು ಮೂರು ಅಂಗುಲ ದಪ್ಪದ ರೆಂಬೆಯನ್ನು ಜಗಿಯುತ್ತದೆ. ಅಪಾರ್ಟ್‌ಮೆಂಟುಗಳಲ್ಲಿ ತರಗೆಲೆಗೆಂದು ಇಟ್ಟಿರುವ ಶ್ರೆಡ್ಡರ್ ಬೇರೆ ಯಂತ್ರ, ಅದಕ್ಕೆ ಕೊಂಬೆ ಕೊಟ್ಟರೆ ಅಲ್ಲಿಗೆ ಮುಗಿಯಿತು. ವಾರಕ್ಕೆ ಎರಡು ದಿನ ಮಾತ್ರ ಕೆಲಸವಿರುವ ತಂಡ ಚಿಪ್ಪರ್ ಕೊಳ್ಳುವುದಕ್ಕಿಂತ ಬಾಡಿಗೆಗೆ ತರುವುದು ಲೇಸು. ರೆಂಬೆಗಳನ್ನು ಅಂಗಳದಲ್ಲಿ ಕೂಡಿಟ್ಟು ತಿಂಗಳಿಗೊಮ್ಮೆ ಒಂದೇ ದಿನ ಕೊಚ್ಚಿಸಬಹುದು. ಆದರೆ ಹಸಿ ರೆಂಬೆ ಸಲೀಸಾಗಿ ತುಂಡಾಗುತ್ತದೆ, ಒಣಗಿ ಗಟ್ಟಿಯಾದದ್ದು ಅಲಗನ್ನು ಬೇಗ ಮೊಂಡು ಮಾಡುತ್ತದೆ. ಸದ್ದು ವಿಪರೀತ, ಕಿವಿಗೆ ರಕ್ಷಣೆ ಇಲ್ಲದೆ ನಿಲ್ಲುವಂತಿಲ್ಲ. ಆಸ್ಪತ್ರೆ, ಶಾಲೆಗಳ ಪಕ್ಕದಲ್ಲಿ ನಡೆಸುವಂತೆಯೂ ಇಲ್ಲ. ಇನ್ನು ಅಪಾಯ. ರೆಂಬೆಯನ್ನು ಯಂತ್ರ ಒಳಗೆಳೆದುಕೊಳ್ಳುವ ವೇಗಕ್ಕೆ ಕೈ ಬಿಡಿಸಿಕೊಳ್ಳಲು ಸಮಯ ಇರುವುದಿಲ್ಲ. ಪಂಚೆ, ಟವೆಲ್ಲು, ಸಡಿಲ ತೋಳು, ಉದ್ದ ಪಟ್ಟಿಯ ಕೈಗವಸು ಯಾವುದೂ ಹತ್ತಿರ ಸುಳಿಯಬಾರದು. ಸಿಕ್ಕಿಕೊಂಡ ತುಂಡನ್ನು ಕೋಲಿನಿಂದಲೇ ನೂಕಬೇಕು, ಕಾಲಿನಿಂದಂತೂ ಅಲ್ಲ.

ಕೊಚ್ಚಿದ ಚೂರಿನ ಅತ್ಯುತ್ತಮ ಉಪಯೋಗ ಹೊದಿಕೆ. ಗಿಡದ ಬುಡದ ಸುತ್ತ ಎರಡರಿಂದ ನಾಲ್ಕು ಅಂಗುಲ ದಪ್ಪಕ್ಕೆ ಹರಡಿದರೆ ಮಣ್ಣಿನ ತೇವ ಉಳಿಯುತ್ತದೆ, ಕಳೆ ಅಡಗುತ್ತದೆ, ಬೇಸಿಗೆಯಲ್ಲಿ ಬೇರು ತಂಪಾಗಿರುತ್ತದೆ. ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಬೇಕು. ತೊಗಟೆಗೆ ಆತುಕೊಂಡ ಹಸಿ ಚೂರು ಕೊಳೆತಕ್ಕೂ ಗೆದ್ದಲಿಗೂ ದಾರಿ. ಮರದ ಚೂರು ಮಣ್ಣಿನ ಸಾರ ಹೀರಿಬಿಡುತ್ತದೆ ಎಂಬ ಭಯ ತೋಟಗಾರರಲ್ಲಿದೆ. ಅದು ಅರ್ಧ ಸತ್ಯ. ಚೂರನ್ನು ಮಣ್ಣಿನೊಳಗೆ ಅಗೆದು ಬೆರೆಸಿದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಸುತ್ತಲಿನ ಸಾರಜನಕವನ್ನು ತಾತ್ಕಾಲಿಕವಾಗಿ ಕಸಿದುಕೊಳ್ಳುತ್ತವೆ, ಗಿಡ ಹಳದಿಯಾಗುತ್ತದೆ. ಮೇಲೆ ಹಾಸಿದರೆ ಆ ತೊಂದರೆ ಮೇಲ್ಪದರಕ್ಕಷ್ಟೇ ಸೀಮಿತ. ಸವರಿದ ಮರದ ಬುಡಕ್ಕೇ ಅದರ ಚೂರನ್ನು ಹಾಸಿಬರುವುದು ಎಲ್ಲಕ್ಕಿಂತ ಅಗ್ಗದ ವಿಲೇವಾರಿ. ಸಾಗಣೆಯ ಖರ್ಚೇ ಇಲ್ಲ. ಮನೆಯವರು ಮೊದಲು ಮೂಗು ಮುರಿಯಬಹುದು, ಗುಡಿಸಿದ ಬರಿ ಮಣ್ಣೇ ಸ್ವಚ್ಛತೆ ಎಂದು ನಂಬಿದ ಊರು ಇದು.

ಅಮೆರಿಕದಲ್ಲಿ ಮರ ಕತ್ತರಿಸುವ ತಂಡಗಳನ್ನೂ ಚೂರು ಬೇಕಾದ ತೋಟದವರನ್ನೂ ಜೋಡಿಸುವ ‘ಚಿಪ್‌ಡ್ರಾಪ್’ ಎಂಬ ಸೇವೆಯಿದೆ; ಪುಣೆಯಲ್ಲಿ 2016ರಲ್ಲಿ ಶುರುವಾದ ‘ಬ್ರೌನ್ ಲೀಫ್’ ತರಗೆಲೆ ಹೆಚ್ಚಾದವರನ್ನೂ ತರಗೆಲೆ ಬೇಕಾದವರನ್ನೂ ಹೀಗೇ ಸೇರಿಸಿತು. ಬೆಂಗಳೂರಿನ ತಾರಸಿ ತೋಟದವರ ವಾಟ್ಸ್ಆ್ಯಪ್ ಗುಂಪುಗಳು ಒಂದು ಮಟ್ಟಿಗೆ ಈ ಕೆಲಸ ಮಾಡುತ್ತವೆ. ಗೋಣಿಚೀಲದಲ್ಲಿ ತುಂಬಿಟ್ಟ ಒಣ ಎಲೆ, ಚೂರು ಅಲ್ಲಿ ಹೆಚ್ಚು ದಿನ ಉಳಿಯುವುದಿಲ್ಲ, ಏಕೆಂದರೆ ಅಡುಗೆಮನೆಯ ಹಸಿ ಕಸವನ್ನು ಮನೆಯಲ್ಲೇ ಗೊಬ್ಬರ ಮಾಡುವವರಿಗೆಲ್ಲ ಒಣ ಪದಾರ್ಥ ನಿತ್ಯ ಬೇಕು.

ಸ್ವಂತ ಅಂಗಳದಲ್ಲಿ ಗೊಬ್ಬರ ಮಾಡುವುದು ಇನ್ನೊಂದು ಮಾರ್ಗ, ತಾಳ್ಮೆಯ ಮಾರ್ಗ. ಗೊಬ್ಬರವಾಗುವುದು ಎಂದರೆ ಸೂಕ್ಷ್ಮಜೀವಿಗಳಿಗೆ ಊಟ ಬಡಿಸುವುದು. ಅವುಗಳಿಗೆ ಶಕ್ತಿಗೆ ಇಂಗಾಲ ಬೇಕು, ಮೈಗೆ ಸಾರಜನಕ ಬೇಕು. 25–30 ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ ಸಿಕ್ಕಾಗ ರಾಶಿ ಚುರುಕಾಗಿ ಕೆಲಸ ಮಾಡುತ್ತದೆ. ಹಸಿ ಹುಲ್ಲಿನಲ್ಲಿ ಈ ಪ್ರಮಾಣ 15–25, ಸಗಣಿಯಲ್ಲಿ ಸುಮಾರು 20, ತರಗೆಲೆಯಲ್ಲಿ 40–80, ಮರದ ಚೂರಿನಲ್ಲಿ ನೂರಾರು. ಬರೀ ಮರದ ಚೂರು ವರ್ಷ ಎರಡು ವರ್ಷವಾದರೂ ಹಾಗೇ ಬಿದ್ದಿರುವುದು ಈ ಕಾರಣಕ್ಕೆ, ಜೊತೆಗೆ ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ವಸ್ತುವನ್ನು ಮುಖ್ಯವಾಗಿ ಕೆಲವು ಬಗೆಯ ಅಣಬೆಗಳಷ್ಟೇ ಜೀರ್ಣಿಸಿಕೊಳ್ಳಬಲ್ಲವು. ಸಣ್ಣ ತಂಡದ ಅಂಗಳಕ್ಕೆ ಒಗ್ಗುವ ಹದವೆಂದರೆ ಮೂರು ಬುಟ್ಟಿ ತರಗು-ಸೊಪ್ಪಿಗೆ ಒಂದು ಬುಟ್ಟಿ ಸಗಣಿ, ನಡುನಡುವೆ ಗಾಳಿಯಾಡಲು ಸ್ವಲ್ಪ ಕಡ್ಡಿ ಚೂರು. ಸಗಣಿ ಸಿಗದ ಕಡೆ ಹಸಿ ಹುಲ್ಲು, ತರಕಾರಿ ಅಂಗಡಿಯ ಸಿಪ್ಪೆ ಅದೇ ಕೆಲಸ ಮಾಡುತ್ತವೆ.

ರಾಶಿ ಒಂದು ಘನ ಮೀಟರಿಗಿಂತ ಚಿಕ್ಕದಾದರೆ ಕಾವು ನಿಲ್ಲುವುದಿಲ್ಲ. ಸರಿಯಾಗಿ ಕಟ್ಟಿದ ರಾಶಿ ಕೆಲವೇ ದಿನಗಳಲ್ಲಿ 55–65 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ. ಒಳಗೆ ತೂರಿಸಿದ ಕಬ್ಬಿಣದ ಸರಳನ್ನು ಹೊರಗೆಳೆದು ಮುಟ್ಟಿದರೆ ಕೈ ಹಿಡಿಯಲಾಗದಷ್ಟು ಬಿಸಿ. 55 ಡಿಗ್ರಿಗಿಂತ ಮೇಲೆ ಮೂರು ದಿನವಾದರೂ ನಿಂತರೆ ಹೆಚ್ಚಿನ ಕಳೆಬೀಜ, ರೋಗಾಣುಗಳು ಸಾಯುತ್ತವೆ. ತೇವದ ಪರೀಕ್ಷೆಗೆ ಉಪಕರಣ ಬೇಡ: ಒಂದು ಹಿಡಿ ತೆಗೆದು ಹಿಂಡಿದಾಗ ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಂಡರೆ ಹದ, ನೀರು ಸುರಿದರೆ ಹೆಚ್ಚಾಯಿತು, ಹುಡಿಹುಡಿಯಾದರೆ ಕಡಿಮೆ. ಹತ್ತು ಹದಿನೈದು ದಿನಕ್ಕೊಮ್ಮೆ ಮಗುಚಿದರೆ ಕೊಚ್ಚಿದ ಎಲೆ ಮೂರು ನಾಲ್ಕು ತಿಂಗಳಲ್ಲಿ ಮಣ್ಣಿನ ವಾಸನೆಯ ಕಪ್ಪು ಹುಡಿಯಾಗುತ್ತದೆ. ಎಲೆಯ ಜಾತಿಯೂ ಲೆಕ್ಕಕ್ಕೆ ಬರುತ್ತದೆ. ಮಳೆಮರ, ಗುಲ್‌ಮೊಹರುಗಳ ಪುಟ್ಟ ಎಲೆ ಬೇಗ ಕರಗುತ್ತದೆ. ಮಾವು, ಹಲಸು, ನೀಲಗಿರಿಯ ತೊಗಲಿನಂಥ ಎಲೆ ಕೊಚ್ಚದೆ ಹಾಕಿದರೆ ಪದರಪದರವಾಗಿ ಅಂಟಿಕೊಂಡು ವರ್ಷಗಟ್ಟಲೆ ಹಾಗೇ ಇರುತ್ತದೆ. ರಾಶಿ ಆಳೆತ್ತರ ಮೀರಿದರೆ ಬೇರೊಂದು ಅಪಾಯ. ಒಳಗಿನ ಕಾವು ಹೊರಬರಲಾರದೆ ಒಣ ಚೂರಿನ ದೊಡ್ಡ ಗುಡ್ಡೆಗಳು ತಾವಾಗೇ ಹೊತ್ತಿಕೊಂಡದ್ದುಂಟು.

ಕೆಲವನ್ನು ಗೊಬ್ಬರದ ರಾಶಿಗೆ ಹಾಗೆಯೇ ಸೇರಿಸಬಾರದು. ಬೀಜ ಕಟ್ಟಿದ ಪಾರ್ಥೇನಿಯಂ ಅವುಗಳಲ್ಲಿ ಮೊದಲನೆಯದು. ಒಂದೇ ಗಿಡದಲ್ಲಿ ಹತ್ತು ಹದಿನೈದು ಸಾವಿರ ಬೀಜ, ರಾಶಿಯ ತಣ್ಣನೆಯ ಅಂಚಿನಲ್ಲಿ ಬದುಕುಳಿದವು ಗೊಬ್ಬರದ ಜೊತೆಯಲ್ಲೇ ಹೊಸ ತೋಟಕ್ಕೆ ಪ್ರಯಾಣ ಮಾಡುತ್ತವೆ. ಹೂ ಬಿಡುವ ಮೊದಲೇ ಕಿತ್ತರೆ ಅದೂ ಒಳ್ಳೆಯ ಹಸಿರೇ. ಶಿಲೀಂಧ್ರ ರೋಗದಿಂದ ಸತ್ತ ಮರದ ಚೂರನ್ನು ಅದೇ ಜಾತಿಯ ಗಿಡಗಳ ಬುಡಕ್ಕೆ ಹಾಸಬಾರದು, ಬಿಸಿ ರಾಶಿಯಲ್ಲಿ ಹಾಯಿಸಿದ ಮೇಲಷ್ಟೇ ಬಳಸಬೇಕು.

ತೆಂಗಿನದು ಪ್ರತ್ಯೇಕ ಅಧ್ಯಾಯ. ಬೆಂಗಳೂರಿನ ಹಳೆಯ ಮನೆಗಳಲ್ಲಿ ಅದಿಲ್ಲದ ಹಿತ್ತಲು ಕಡಿಮೆ, ಮತ್ತು ಮರ ಸವರುವವರಿಗೆ ಅದರಷ್ಟು ಕಾಟ ಕೊಡುವ ಕಸವಿಲ್ಲ. ಗರಿ ಉದ್ದ, ಮಟ್ಟೆ ಭಾರ, ನಾರು ಚಿಪ್ಪರಿನ ಉರುಳೆಗೆ ಸುತ್ತಿಕೊಂಡು ಯಂತ್ರವನ್ನೇ ನಿಲ್ಲಿಸುತ್ತದೆ. ಗರಿಗೆಂದೇ ಬೇರೆ ಬಗೆಯ ಅಲಗಿನ ಯಂತ್ರ ಬೇಕು. ಹಿಂದೆ ಗರಿ ಹೆಣೆದು ಚಪ್ಪರ ಹಾಕುತ್ತಿದ್ದರು, ಕಡ್ಡಿ ಸೀಳಿ ಪೊರಕೆ ಮಾಡುತ್ತಿದ್ದರು, ಮಟ್ಟೆ ನೀರೊಲೆಗೆ ಹೋಗುತ್ತಿತ್ತು. ನೀರೊಲೆ ಹೋಗಿ ಗೀಸರ್ ಬಂದ ಮೇಲೆ ಮಟ್ಟೆ ಅನಾಥವಾಯಿತು. ಪೊರಕೆ ಕಡ್ಡಿಗೆ ಗಿರಾಕಿ ಈಗಲೂ ಇದ್ದಾರೆ, ಎಳೆಯಲು ಕೈ ಬೇಕು. ಕಾಂಡದ ವಿಚಾರದಲ್ಲಿ ಇನ್ನೂ ಎಚ್ಚರ ಅಗತ್ಯ. ಕಡಿದು ಬಿಟ್ಟ ತೆಂಗಿನ ಕಾಂಡ ಕೊಳೆಯತೊಡಗಿದರೆ ಕುರುವಾಯಿ ದುಂಬಿ ಅದರಲ್ಲಿ ಮೊಟ್ಟೆಯಿಡುತ್ತದೆ. ಬಿಳಿಯ ದಪ್ಪ ಮರಿಹುಳುಗಳು ಒಳಗೆ ತಿಂದು ಬೆಳೆದು, ದುಂಬಿಗಳಾಗಿ ಸುತ್ತಲಿನ ಆರೋಗ್ಯವಂತ ತೆಂಗಿನ ಸುಳಿಗೆ ನುಗ್ಗುತ್ತವೆ. ಹಸಿ ಗಾಯದ ವಾಸನೆಗೆ ಕೆಂಪು ಮೂತಿ ಹುಳು ಬರುತ್ತದೆ. ಆದ್ದರಿಂದ ಕಾಂಡವನ್ನು ಸೀಳಿ ಒಣಗಿಸಬೇಕು, ಇಲ್ಲವೇ ಬೇಗ ಸೌದೆಗೆ ಸಾಗಿಸಬೇಕು. ಗೊಬ್ಬರದ ಗುಂಡಿಯಲ್ಲೂ ಈ ಹುಳು ಕಂಡರೆ ಮೆಟಾರೈಜಿಯಂ ಎಂಬ ಹಸಿರು ಶಿಲೀಂಧ್ರದ ಪುಡಿ ಬೆರೆಸುವುದು ತೆಂಗು ಬೆಳೆಗಾರರ ರೂಢಿ. ಮಗುಚುವಾಗ ಸಿಕ್ಕ ಮರಿಹುಳು ಕೋಳಿಗೆ ಹಬ್ಬದೂಟ.

ಬುಡದ ಬೊಡ್ಡೆಯನ್ನು ಕೀಳದೆ ಬಿಡುವುದೇ ಹೆಚ್ಚಿನ ಕಡೆ ವಾಸಿ. ಅಗೆಯಲು ಹೋದರೆ ಗೋಡೆ, ನೀರಿನ ಪೈಪು, ಒಳಚರಂಡಿಗೆ ಪೆಟ್ಟು. ಗರಗಸದ ಹುಡಿಯನ್ನು ಒತ್ತಿ ಉರುವಲಿನ ಬ್ರಿಕೆಟ್ ಮಾಡುವವರು ಕೊಳ್ಳುತ್ತಾರಾದರೂ ಸಣ್ಣ ತಂಡದಲ್ಲಿ ಅದು ಹುಟ್ಟುವುದು ಚೀಲದ ಲೆಕ್ಕದಲ್ಲಿ, ಗೊಬ್ಬರಕ್ಕೇ ಸಾಕು.

ವರ್ಷದಲ್ಲಿ ರಾಶಿಯ ಸ್ವರೂಪ ಬದಲಾಗುತ್ತ ಹೋಗುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಎಲೆ ಉದುರುವ ಕಾಲ, ಒಣ ತರಗೇ ಹೆಚ್ಚು. ಹಗುರ, ಸಂಗ್ರಹಕ್ಕೆ ಸುಲಭ, ಬೆಂಕಿಯ ಭಯ ಮಾತ್ರ. ಏಪ್ರಿಲ್-ಮೇನಲ್ಲಿ ಮಳೆಗೆ ಮುಂಚೆ ಎಲ್ಲರಿಗೂ ಒಮ್ಮೆಲೇ ಮರ ಸವರಿಸುವ ಆತುರ, ಗಾಳಿಗೆ ಉರುಳಿದ ಮರಗಳು ಬೇರೆ. ಸೌದೆ ಡಿಪೋಗಳು ತುಂಬಿ ದರ ಬೀಳುವುದೂ ಆಗಲೇ. ಜೂನ್ ನಂತರ ಸೊಪ್ಪು ದಟ್ಟ, ನೀರುಂಡು ಭಾರ, ಒಂದು ವಾರ ಬಿಟ್ಟರೆ ಹುಳಿ ವಾಸನೆ. ಮಳೆಗಾಲದಲ್ಲಿ ರಾಶಿಯ ಮೇಲೆ ಟಾರ್ಪಾಲು ಹೊದಿಸದಿದ್ದರೆ ಸಾರವೆಲ್ಲ ನೀರಿನ ಜೊತೆ ಹರಿದು ಹೋಗುತ್ತದೆ.

ಇವೆಲ್ಲ ಕೊನೆಗೆ ಬಂದು ನಿಲ್ಲುವುದು ಕೆಲಸ ಒಪ್ಪಿಕೊಳ್ಳುವ ದಿನದ ಮಾತಿನಲ್ಲಿ. ‘ಎಲ್ಲ ಸೇರಿ ಇಷ್ಟು’ ಎಂದು ಒಂದೇ ಮೊತ್ತ ಹೇಳುವ ಮೇಸ್ತ್ರಿ ಸಾಗಣೆಯ ಖರ್ಚನ್ನು ಅಂದಾಜಿನಲ್ಲಿ ನುಂಗಿಕೊಳ್ಳುತ್ತಾನೆ, ಅಂದಾಜು ತಪ್ಪಿದ ದಿನ ಖಾಲಿ ಸೈಟಿನ ನೆನಪಾಗುತ್ತದೆ. ಸವರುವ ಕೂಲಿ ಇಷ್ಟು, ಒಂದು ಲೋಡು ಸಾಗಿಸಲು ಇಷ್ಟು, ಕೊಚ್ಚಿ ಇಲ್ಲೇ ಹಾಸಿದರೆ ಇಷ್ಟು, ದಿಮ್ಮಿ ಬಿಟ್ಟುಕೊಟ್ಟರೆ ಇಷ್ಟು ಕಡಿತ ಎಂದು ಚೀಟಿಯಲ್ಲಿ ಬೇರೆ ಬೇರೆ ಬರೆದು ಕೊಟ್ಟರೆ ಆಯ್ಕೆ ಮನೆಯವರದಾಗುತ್ತದೆ. ಅವರಲ್ಲಿ ಹಲವರು ಸಾಗಣೆಯ ಸಾಲು ನೋಡಿದ ಮೇಲೆ ಹಿತ್ತಲಿನ ಮೂಲೆಯಲ್ಲಿ ಒಂದು ಗುಂಡಿಗೆ ಜಾಗ ಕಂಡುಕೊಳ್ಳುತ್ತಾರೆ. ಅಪಾರ್ಟ್‌ಮೆಂಟುಗಳ ವ್ಯವಸ್ಥಾಪಕರು ಕಸ ಎಲ್ಲಿಗೆ ಹೋಯಿತು ಎಂಬುದಕ್ಕೆ ಕಾಗದ ಕೇಳುವುದು ಹೆಚ್ಚುತ್ತಿದೆ. ಡಿಪೋದ ರಸೀದಿ, ಸೊಪ್ಪು ಇಳಿಸಿಕೊಂಡ ತೋಟದವರ ಸಹಿ, ಗಾಡಿಯ ನಂಬರು, ದಿನಾಂಕ ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ತಂಡಕ್ಕೆ ಮುಂದಿನ ವರ್ಷದ ಗುತ್ತಿಗೆ ಕೇಳುವಾಗ ಅದೇ ಶಿಫಾರಸು ಪತ್ರ.